ಬರಿತಲೆಯ ಬೆಟ್ಟ

ನಮ್ಮ ಫಲಾಹೆ ಊರಿನ ಗಂಡಸರು ಬೆಟ್ಟ ಹತ್ತುವಾಗ ತಲೆಗೆ ರುಮಾಲು ಸುತ್ತುವುದಿಲ್ಲ. ಬಿಸಿಲಿಗೆ ನೆತ್ತಿಯ ಮೇಲೆ ಮೀನು ಹುರಿಯುವಂತಾದರೂ ಸರಿ, ಮಳೆಗೆ ನೆನೆದು ತಲೆಯಲ್ಲಿ ಅಣಬೆ ಎದ್ದರೂ ಸರಿ. ಮಾತೂ ಆಡುವುದಿಲ್ಲ. ಬೆಟ್ಟದ ಬುಡದ ಕರಿಕಲ್ಲು ದಾಟಿದರೆಂದರೆ ಬಾಯಿಗೆ ಬೀಗ. ಇಳಿದು ಬಂದು ಕಡಲ ನೀರಿಗೆ ಕಾಲಿಟ್ಟ ಮೇಲೆಯೇ ಮತ್ತೆ ಮಾತು.

ಮೊನ್ನೆ ನನ್ನ ಮೊಮ್ಮಗನ ಹೆಂಡತಿ, ಪಕ್ಕದ ದ್ವೀಪದಿಂದ ಹೊಸದಾಗಿ ಬಂದವಳು, ಮೀನು ಸೀಳುತ್ತ ಕೂತಿದ್ದವಳು ಕೇಳಿದಳು.

"ಅಜ್ಜಿ, ನಿಮ್ಮೂರ ಗಂಡಸರ ನಾಲಿಗೆನ ಬೆಟ್ಟದಲ್ಲಿ ದೆವ್ವ ಏನಾದ್ರೂ ಕಿತ್ಕೊಳ್ಳುತ್ತಾ?"

"ಪುಣ್ಯ ಮಾಡಿದ್ದೆ ಕಣೆ ನೀನು," ಅಂದೆ. "ದಿನಕ್ಕೆ ಅರ್ಧ ಹೊತ್ತು ಗಂಡ ಬಾಯಿ ಮುಚ್ಕೊಂಡಿರೋ ಊರು ಏಳು ಸಮುದ್ರ ಹುಡುಕಿದ್ರೂ ಸಿಗಲ್ಲ. ಇದೆಲ್ಲ ಶುರುವಾದದ್ದು ನಿನ್ನ ಅತ್ತೆಯಿಂದ. ಹೋಗಿ ಅವಳನ್ನೇ ಕೇಳು."

ಅವಳ ಅತ್ತೆ ಎಂದರೆ ನನ್ನ ಮಗಳು ಜೈನಾ. ಈಗ ಎರಡು ಬಾಗಿಲಿನ ಅಗಲ ಇದ್ದಾಳೆ, ನಡೆದರೆ ಜಗುಲಿ ನಡುಗುತ್ತದೆ. ಅವಳು ಬದುಕಿ ಇಷ್ಟು ದಪ್ಪವಾಗಿದ್ದೇ ನಮ್ಮ ಮನೆತನದ ಹೆಮ್ಮೆ. ಆದರೆ ಅವಳಿಗೆ ಕಥೆ ಹೇಳುವುದಕ್ಕೆ ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೇ ಹೇಳಿ ಮುಗಿಸಿಬಿಡುತ್ತಾಳೆ. ಅದಕ್ಕೇ ನಾನೇ ಹೇಳುತ್ತೇನೆ.

ನಮ್ಮ ಈ ಐದು ದ್ವೀಪಗಳು ಕಡಲಿನ ಮೇಲೆ ಯಾರೋ ಕೈತಪ್ಪಿ ಚೆಲ್ಲಿದ ಐದು ಕಾಳುಗಳಂತೆ ಇವೆ. ಆದರೆ ದೇವರು ಲವಂಗದ ಮರವನ್ನು ಇಡೀ ಭೂಮಿಯಲ್ಲಿ ಇಲ್ಲಿ ಮಾತ್ರ ಇಟ್ಟ. ಬೇರೆಯವರಿಗೆ ಚಿನ್ನ ಕೊಟ್ಟ, ಆನೆ ಕೊಟ್ಟ, ರೇಷ್ಮೆ ಕೊಟ್ಟ. ಅವರೆಲ್ಲ ಅದನ್ನು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. ಚೀನಾದವರು ಬಂದರು, ಜಾವಾದವರು ಬಂದರು, ಗುಜರಾತಿನವರು ಬಂದರು. ಆಮೇಲೆ ಪರಂಗಿಯವರು ಬಂದು ಕೋಟೆ ಕಟ್ಟಿದರು. ಅವರನ್ನು ಓಡಿಸಿ ಡಚ್ಚರ ಕುಂಪಣಿ ಬಂತು. ನಮ್ಮ ಅಜ್ಜಿ ಹೇಳುತ್ತಿದ್ದಳು, ಲೋಕದ ಹಡಗುಗಳಲ್ಲಿ ಮುಕ್ಕಾಲು ಪಾಲು ಮುಳುಗಿರುವುದು ನಮ್ಮ ಮನೆಯ ಹಿತ್ತಲಿಗೆ ಬರುವ ದಾರಿಯಲ್ಲಿ ಎಂದು. ನಾನು ಅದನ್ನು ನಂಬುತ್ತೇನೆ.

ಕುಂಪಣಿಯವರ ಯೋಚನೆ ಏನು ಗೊತ್ತೇ? ಲವಂಗ ತಮ್ಮ ದೊಡ್ಡ ಕೋಟೆ ಇರುವ ಅಂಬೊನ್ ಕಡೆ ಮಾತ್ರ ಬೆಳೆಯಬೇಕು, ಬೇರೆ ಎಲ್ಲೂ ಒಂದು ಗಿಡವೂ ಇರಬಾರದು. ಆಗ ಲೋಕಕ್ಕೆಲ್ಲ ಒಂದೇ ಅಂಗಡಿ, ಆ ಅಂಗಡಿಗೆ ಒಂದೇ ಬಾಗಿಲು, ಆ ಬಾಗಿಲಲ್ಲಿ ಕುಂಪಣಿ. ಸುಲ್ತಾನರ ಹತ್ತಿರ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ನಮ್ಮ ಜನರ ಕೈಯಲ್ಲೇ ಹುಟ್ಟು ಹಾಕಿಸಿಕೊಂಡು, ನಮ್ಮ ಉದ್ದ ದೋಣಿಗಳಲ್ಲೇ ಕೂತು, ದ್ವೀಪ ದ್ವೀಪ ತಿರುಗಿ ಲವಂಗದ ಮರ ಕಡಿಸಿದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಫಲಾಹೆಯಲ್ಲಿ ಒಂದು ಮರವೂ ಉಳಿದಿರಲಿಲ್ಲ. ಒಂದು ಸಸಿ ನೆಟ್ಟರೂ ನೆಟ್ಟವನ ತಲೆ ಹೋಗುತ್ತಿತ್ತು.

ಆದರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮಗು ಹುಟ್ಟಿದರೆ ಅದರ ಹೆಸರಿನಲ್ಲಿ ಒಂದು ಲವಂಗದ ಸಸಿ ನೆಡಬೇಕು. ಮರ ಬೆಳೆದಂತೆ ಮಗು ಬೆಳೆಯುತ್ತದೆ. ಮರ ಕಡಿದರೆ ಮಗುವೂ ಉಳಿಯುವುದಿಲ್ಲ. ಕುಂಪಣಿಯವರು ಮೊದಲ ಸಲ ಮರ ಕಡಿಸಿದ ವರ್ಷ ಊರಲ್ಲಿ ಒಂಬತ್ತು ಮಕ್ಕಳು ಸತ್ತವು. ಜ್ವರ ಅಂದರು ಕೆಲವರು. ನನ್ನ ಅತ್ತೆಯ ಎರಡು ಮಕ್ಕಳು ಆ ಒಂಬತ್ತರಲ್ಲಿ ಇದ್ದವು. ಅವರ ಎದುರಿಗೆ ಜ್ವರ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಗಾಗಿ ಜೈನಾ ಹುಟ್ಟಿದ ಮೂರನೆಯ ದಿನ ನಮ್ಮತ್ತೆ ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ಬೆಟ್ಟಕ್ಕೆ ಹೋದರು. ಬುಟ್ಟಿಯಲ್ಲಿ ಗೆಣಸು, ಗೆಣಸಿನ ಕೆಳಗೆ ಒಂದು ಸಸಿ. ಅದು ಎಲ್ಲಿಂದ ಬಂತು ಎಂದು ಸಾಯುವವರೆಗೂ ಹೇಳಲಿಲ್ಲ. ಬೆಟ್ಟದ ಬೆನ್ನೆಲುಬಿನಂಥ ಏಣಿನ ಕೆಳಗೆ ಒಂದು ಆಳದ ಕಣಿವೆ ಇದೆ, ಕೋತಿಯೂ ಎರಡು ಸಲ ಯೋಚನೆ ಮಾಡಿ ಇಳಿಯುವಂಥದ್ದು. ಅಲ್ಲಿ ನೆಟ್ಟು ಬಂದರು. ಗೊತ್ತಿದ್ದದ್ದು ಮೂವರಿಗೆ: ಅತ್ತೆಗೆ, ನನಗೆ, ನಮ್ಮ ಯಜಮಾನರಿಗೆ.

ನಮ್ಮ ಯಜಮಾನರ ಹೆಸರು ಸಬ್ತು. ಮನುಷ್ಯ ಒಳ್ಳೆಯವರು. ಆದರೆ ಗಂಟಲು ಮಾತ್ರ ದೇವರು ಹಡಗಿಗೆಂದು ಮಾಡಿಟ್ಟಿದ್ದನ್ನು ತಪ್ಪಿ ಅವರಿಗೆ ಜೋಡಿಸಿದ್ದ. ಅವರು ಕೆಮ್ಮಿದರೆ ಪಕ್ಕದ ದ್ವೀಪದಲ್ಲಿ ಮಕ್ಕಳು ಎದ್ದು ಅಳುತ್ತಿದ್ದವು. ಹುಟ್ಟು ಹಾಕುವಾಗ ಅವರು ಹಾಡಿದರೆ ಮೀನುಗಳು ತಾವಾಗಿಯೇ ದಡಕ್ಕೆ ಬಂದು ಶರಣಾಗುತ್ತಿದ್ದವು. ಇಂಥವರ ಹೊಟ್ಟೆಯಲ್ಲಿ ಒಂಬತ್ತು ವರ್ಷ ಆ ಗುಟ್ಟು ಉಳಿದಿತ್ತು. ಅದಕ್ಕೇ ನಾನು ಅವರನ್ನು ಮೆಚ್ಚಿದ್ದು, ಹಾಡಿಗಲ್ಲ.

ಜೈನಾಳಿಗೆ ಒಂಬತ್ತು ತುಂಬಿದ ವರ್ಷ ಕುಂಪಣಿಯ ದಂಡು ಮತ್ತೆ ಬಂತು. ನೂರು ದೋಣಿ ಎಂದು ನಾನು ಹೇಳುತ್ತಿದ್ದೆ. ಯಜಮಾನರು ಬದುಕಿದ್ದಾಗ "ಹತ್ತು ಕಣೆ, ಹತ್ತು" ಎಂದು ಎಲ್ಲರ ಎದುರಿಗೇ ತಿದ್ದುತ್ತಿದ್ದರು. ಈಗ ತಿದ್ದುವವರಿಲ್ಲ. ಆದರೂ ಅವರ ಮರ್ಯಾದೆಗೆ ಹತ್ತು ಅಂತಲೇ ಇಟ್ಟುಕೊಳ್ಳೋಣ.

ದಂಡಿನ ಸುದ್ದಿ ಒಂದು ತಿಂಗಳ ಮೊದಲೇ ಬಂದಿದ್ದರಿಂದ ನಾವು ಯಾರೂ ಕಣಿವೆಯ ಕಡೆ ತಲೆ ಹಾಕಿರಲಿಲ್ಲ. ಕಾಲುದಾರಿ ಮೂಡಿದರೆ ಅದೇ ತೋರಿಸಿಕೊಡುತ್ತದಲ್ಲ. ತಪ್ಪಾದದ್ದು ಅಲ್ಲೇ.

ದಂಡಿನ ಮೇಲಧಿಕಾರಿಯ ಹೆಸರು ಯೋರಿಸ್ ದೊರೆ. ಹೊಸಬ, ಆ ವರ್ಷವೇ ಹಡಗಿನಿಂದ ಇಳಿದವನು. ಬೇಯಿಸಿದ ಏಡಿಯ ಬಣ್ಣ. ತಲೆಯ ಮೇಲೆ ಕರಿಯ ಟೊಪ್ಪಿ, ಅದರ ಅಂಚು ನಮ್ಮ ಅಡುಗೆಮನೆಯ ಸೂರಿನಷ್ಟು ಅಗಲ, ಅದಕ್ಕೊಂದು ಗರಿ. ಮೂಗಿನಲ್ಲಿ ಯಾವಾಗಲೂ ಹೊಗೆಸೊಪ್ಪಿನ ಹೊಗೆ. ಲವಂಗದ ಮರ ಹೇಗಿರುತ್ತದೆ ಎಂದು ಕಾಗದದಲ್ಲಿ ಬರೆದ ಒಂದು ಚಿತ್ರ ಇಟ್ಟುಕೊಂಡಿದ್ದ. ಜೊತೆಗೆ ಅಂಬೊನ್ ಕಡೆಯ ಒಬ್ಬ ದುಭಾಷಿ, ಅವನ ತಲೆಯ ಮೇಲೆ ಚಿಕ್ಕದೊಂದು ಟೊಪ್ಪಿ. ಹುಟ್ಟು ಹಾಕುವವರೆಲ್ಲ ತಿದೋರೆ ದ್ವೀಪದವರು, ಬಲವಂತಕ್ಕೆ ಬಂದವರು. ಅವರ ಮುಖಂಡ ಹಾದಿರ್ ಎಂಬ ಮುದುಕ, ಒಣಗಿದ ಸೋರೆಬುರುಡೆಯ ಹಾಗಿದ್ದ. ತಿದೋರೆಯವರಿಗೂ ನಮಗೂ ತಲೆತಲಾಂತರದಿಂದ ಆಗುವುದಿಲ್ಲ. ಅವರ ಸುಲ್ತಾನ ಬೇರೆ, ನಮ್ಮ ಸುಲ್ತಾನ ಬೇರೆ.

ಬೆಟ್ಟ ಹುಡುಕುವುದಕ್ಕೆ ಊರಿನ ಒಬ್ಬ ದಾರಿ ತೋರಿಸಬೇಕು, ಆರು ಜನ ಹೆಂಗಸರು ರೊಟ್ಟಿ ಹೊರಬೇಕು ಎಂದು ಅಪ್ಪಣೆಯಾಯಿತು. ಯಜಮಾನರು ತಾವೇ ಮುಂದೆ ಹೋಗಿ ನಿಂತರು. ಕಣಿವೆಯ ದಾರಿ ಬಿಟ್ಟು ಏಣಿನ ಮೇಲಿನ ದಾರಿಯಲ್ಲಿ ಕರೆದುಕೊಂಡು ಹೋಗುವುದು ಅವರ ಲೆಕ್ಕ. ನಾನು ಸಾಗೋ ಮರದ ಹಿಟ್ಟಿನ ರೊಟ್ಟಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟೆ. ಗಂಡನ ಬಾಯಿ ಕಾಯುವುದಕ್ಕೆ ಯಾರಾದರೂ ಬೇಕಲ್ಲ.

ಹೊರಡುವಾಗ ನಮ್ಮತ್ತೆ ಜೈನಾಳನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಅವಳ ಎದೆಯ ಮೇಲೆ ಅಂಗೈ ಇಟ್ಟು ಕೂತರು.

"ನೀವು ಬರೋವರ್ಗೂ ಈ ಕೈ ತೆಗೆಯಲ್ಲ," ಅಂದರು. "ಇದು ಹೊಡ್ಕೋತಿದೆಯೋ ಇಲ್ವೋ, ನಂಗೆ ಗೊತ್ತಾಗ್ತಾ ಇರ್ಬೇಕು."

"ಅಜ್ಜಿ, ನಂಗೇನಾಗಿದೆ? ನಾನು ಏಡಿ ಹಿಡಿಯೋಕೆ ಹೋಗ್ಬೇಕು," ಎಂದು ಹುಡುಗಿ ಒದ್ದಾಡಿತು.

"ಏಡಿ ನಾಳೆನೂ ಇರುತ್ತೆ," ಅಂದರು ಅತ್ತೆ. ಆ ಮಾತು ಕೇಳಿ ನನ್ನ ಕಾಲು ಎರಡು ಹೆಜ್ಜೆ ಹಿಂದಕ್ಕೆ ಬಂದಿತ್ತು. ಆದರೂ ಹೋದೆ.

ನಲವತ್ತು ಜನ ತಿದೋರೆಯವರು ಕೊಡಲಿ ಹಿಡಿದು ಸಾಲಾಗಿ ಹತ್ತಿದರು. ಮುಂದೆ ನಮ್ಮ ಯಜಮಾನರು ಹಾಡುತ್ತಿದ್ದರು.

"ಅಯ್ಯಾ, ನೀನು ದಾರಿ ತೋರಿಸ್ತಿದೀಯೋ ಹಂದಿ ಓಡಿಸ್ತಿದೀಯೋ?" ಎಂದ ಹಾದಿರ್ ಮುದುಕ.

"ತಿದೋರೆಯವರಿಗೆ ಹಾಡು ಅರ್ಥವಾಗಲ್ಲ ಅಂತ ನಮ್ಮಪ್ಪ ಹೇಳ್ತಿದ್ದ."

"ನಿಮ್ಮಪ್ಪ ಹಾಡಿದ್ದು ನಮ್ಮೂರಿಗೆ ಕೇಳಿಸಿತ್ತು. ಗುಡುಗು ಅಂದ್ಕೊಂಡು ಒಣಗೋಕೆ ಹಾಕಿದ್ದ ಮೀನೆಲ್ಲ ಎತ್ತಿಟ್ಟಿದ್ವಿ."

ಎಲ್ಲರೂ ನಕ್ಕರು. ಹೀಗೆ ಕೀಟಲೆ ಮಾಡುತ್ತಲೇ ಏಣಿನ ತಿರುವಿಗೆ ಬಂದೆವು. ಕೆಳಗೆ ಕಣಿವೆ. ಆಗ ಕೆಳಗಿನಿಂದ ಗಾಳಿ ಮೇಲಕ್ಕೆ ಬೀಸಿತು.

ಲವಂಗದ ಮರ ಎಂಟು, ಹತ್ತು ವರ್ಷದ ತನಕ ಹೂ ಬಿಡುವುದಿಲ್ಲ. ಜೈನಾಳ ಮರ ನಾವು ನೋಡದ ಆ ಒಂದು ತಿಂಗಳಲ್ಲಿ ಮೊದಲ ಹೂ ಬಿಟ್ಟಿತ್ತು. ತುದಿಯಲ್ಲಿ ಮೊಗ್ಗಿನ ಗೊಂಚಲು, ಹಸಿರಿನಿಂದ ಕೆಂಪಿಗೆ ತಿರುಗುತ್ತಿದ್ದದ್ದು, ಮೇಲಿನಿಂದ ನನಗೆ ಕಂಡಿತು. ಗಾಳಿಯಲ್ಲಿ ಆ ವಾಸನೆ.

ನಮ್ಮಲ್ಲಿ ಹೂಬಿಟ್ಟ ಲವಂಗದ ಮರ ಎಂದರೆ ಬಸುರಿ ಹೆಂಗಸು. ಅದರ ಹತ್ತಿರ ಗಟ್ಟಿಯಾಗಿ ಮಾತಾಡಬಾರದು. ತಲೆಯ ಮೇಲೆ ಏನನ್ನೂ ಇಟ್ಟುಕೊಂಡು ಹೋಗಬಾರದು. ಬೆದರಿದರೆ ಹೂವೆಲ್ಲ ಉದುರಿಹೋಗುತ್ತದೆ. ಇದನ್ನು ಯಾರೂ ನಮಗೆ ಕಲಿಸುವುದಿಲ್ಲ. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ.

ಯಜಮಾನರ ಹಾಡು ಪದದ ನಡುವೆಯೇ ನಿಂತಿತು. ಅವರ ಕೈ ತಾನಾಗಿ ಮೇಲಕ್ಕೆ ಹೋಗಿ ರುಮಾಲು ತೆಗೆಯಿತು. ತೆಗೆದ ಮೇಲೆ ಅವರಿಗೇ ಗೊತ್ತಾಯಿತು ಏನು ಮಾಡಿದೆ ಎಂದು. ಆದರೆ ಅಷ್ಟರಲ್ಲಿ ಹಿಂದಿದ್ದ ನಲವತ್ತು ಜನರೂ ತೆಗೆದಿದ್ದರು. ನಾನು ಬೈಯಬೇಕು ಎಂದುಕೊಂಡೆ. ಬೈಯುವ ಮೊದಲೇ ನನ್ನ ತಲೆಯ ಮೇಲಿದ್ದ ಬುಟ್ಟಿ ಸೊಂಟಕ್ಕೆ ಇಳಿದಿತ್ತು.

ಅಷ್ಟು ದೊಡ್ಡ ಸದ್ದಿನ ಮೆರವಣಿಗೆ ಒಮ್ಮೆಗೇ ಸ್ಮಶಾನದಂತಾಯಿತು.

ಯೋರಿಸ್ ದೊರೆ ನಿಂತ. ಹೊಸಬನಾದರೂ ದಡ್ಡನಲ್ಲ. ನಲವತ್ತು ಬರಿತಲೆಗಳನ್ನು ನೋಡಿದ, ಕಣಿವೆ ನೋಡಿದ, ಅಷ್ಟು ಹಸಿರಿನಲ್ಲಿ ಅವನಿಗೆ ಮರ ಗುರುತು ಸಿಗಲಿಲ್ಲ, ದುಭಾಷಿಗೆ ಏನೋ ಅಂದ.

"ದೊರೆ ಕೇಳ್ತಿದ್ದಾರೆ," ಎಂದ ದುಭಾಷಿ. "ಯಾಕೆ ಎಲ್ಲರೂ ಸುಮ್ಮನಾದ್ರಿ? ಇಲ್ಲಿ ಏನಿದೆ?"

ನಮ್ಮ ಯಜಮಾನರು ಬಾಯಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ದಡಕ್ಕೆ ಬಿದ್ದ ಮೀನು. ಹುಟ್ಟಿದಾಗಿನಿಂದ ಮಾತಾಡಿದ ಮನುಷ್ಯನಿಗೆ ಆವತ್ತು ಒಂದು ಮಾತು ಬೇಕಾದಾಗ ಇರಲಿಲ್ಲ. ನನಗೂ ಇರಲಿಲ್ಲ, ಅದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ನನಗೆ ಕಾಣುತ್ತಿದ್ದದ್ದು ಅತ್ತೆಯ ಅಂಗೈ ಒಂದೇ.

ಮಾತಾಡಿದ್ದು ಹಾದಿರ್. ತಿದೋರೆಯ ಮುದುಕ, ನಮಗೆ ಏನೂ ಆಗಬೇಕಾಗಿಲ್ಲದವನು. ಅವನೂ ಮರ ನೋಡಿದ್ದ. ಅವನ ಊರಿನಲ್ಲಿ ಮರ ಕಡಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವನ ಕಣ್ಣು ತುಂಬಿತ್ತು, ಆದರೆ ದನಿ ಕಲ್ಲಿನಂತಿತ್ತು.

"ದೊರೆಗೆ ಹೇಳಪ್ಪ," ಅಂದ ಮೆಲ್ಲಗೆ. "ಇಲ್ಲಿ ಏನೂ ಇಲ್ಲ. ಬೆಟ್ಟ ಇಲ್ಲಿಂದ ಶುರುವಾಗುತ್ತೆ, ಅಷ್ಟೇ. ಇದು ಹಿರಿಯರ ಬೆಟ್ಟ. ಇನ್ನು ಇಳಿದು ಕಡಲು ಮುಟ್ಟೋವರ್ಗೂ ತಲೆ ಮೇಲೆ ಬಟ್ಟೆ ಇಲ್ಲ, ಬಾಯಲ್ಲಿ ಮಾತಿಲ್ಲ."

ಎಂಥ ಸುಳ್ಳು ನೋಡಿ. ಅಂಥ ಕಟ್ಟಳೆ ಯಾವ ಕಾಲಕ್ಕೂ ಇರಲಿಲ್ಲ. ಅದು ನನಗೆ ಗೊತ್ತು, ಯಜಮಾನರಿಗೆ ಗೊತ್ತು, ನಲವತ್ತು ಜನರಿಗೂ ಗೊತ್ತು. ಮತ್ತೆ ಆ ದುಭಾಷಿಗೂ ಗೊತ್ತಿತ್ತು, ಏಕೆಂದರೆ ಅವನು ಲವಂಗದ ಊರಿನಲ್ಲೇ ಹುಟ್ಟಿದವನು. ಅವನು ಕಣಿವೆಯ ಕಡೆ ನೋಡಿದ. ನನ್ನ ಸೊಂಟದ ಮೇಲಿದ್ದ ಬುಟ್ಟಿ ನೋಡಿದ. ಅವನು ಬಾಯಿ ತೆಗೆಯುವಷ್ಟರಲ್ಲಿ ನಾನು ಮೂರು ಸಲ ಸತ್ತು ಹುಟ್ಟಿದೆ. ಆಮೇಲೆ ಆ ಮನುಷ್ಯ ತನ್ನ ಚಿಕ್ಕ ಟೊಪ್ಪಿಯನ್ನು ನಿಧಾನವಾಗಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹಾದಿರ್ ಹೇಳಿದ್ದನ್ನೇ ಹೇಳಿದ ಹಾಗೆ ದೊರೆಗೆ ಒಪ್ಪಿಸಿದ.

ದೊರೆ ನಕ್ಕ. ನಕ್ಕು ಒಂದು ಷರತ್ತು ಹಾಕಿದ.

"ಸರಿ, ನಿಮ್ಮ ಕಟ್ಟಳೆ ನೋಡೇ ಬಿಡೋಣ ಅಂತಾರೆ," ಎಂದ ದುಭಾಷಿ. ಅವನ ಮುಖ ಬಿಳಿಚಿತ್ತು. "ಕಡಲು ಮುಟ್ಟೋವರ್ಗೂ ಒಬ್ಬ ಬಾಯಿ ಬಿಟ್ರೂ, ಒಬ್ಬ ತಲೆಗೆ ಬಟ್ಟೆ ಹಾಕಿದ್ರೂ, ವಾಪಸ್ ಇಲ್ಲಿಗೇ ಬಂದು ಈ ಕಣಿವೆಯಲ್ಲಿ ಒಂದು ಕಡ್ಡಿ ಉಳಿಸಲ್ವಂತೆ."

ಹಾಗೆ ಹೊರಟಿತು ನಮ್ಮ ಮೂಗರ ಮೆರವಣಿಗೆ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ.

ಹುಟ್ಟು ಹಾಕುವ ಜನಕ್ಕೆ ಹಾಡಿಲ್ಲದೆ ಕೈಕಾಲು ಆಡುವುದಿಲ್ಲ. ಅವರು ಒಬ್ಬರ ಹಿಮ್ಮಡಿ ಒಬ್ಬರು ತುಳಿಯುತ್ತ ನಡೆದರು. ಒಬ್ಬನ ಕಾಲಿಗೆ ಮುಳ್ಳು ಹೊಕ್ಕಿತು, ಬೆರಳುದ್ದದ್ದು. ಅವನು ಕೂತು ಕಿತ್ತುಕೊಂಡು ಎದ್ದ. ಬಿಸಿಲು ಎಷ್ಟಿತ್ತೆಂದರೆ ನಲವತ್ತು ತಲೆಗಳಿಂದಲೂ ಹೊಗೆ ಏಳುತ್ತಿತ್ತು, ಕೆಳಗಿನ ಊರಿನವರು ಬೆಟ್ಟ ಬೆಂಕಿ ಉಗುಳುತ್ತಿದೆ ಎಂದುಕೊಂಡು ಗಂಟು ಕಟ್ಟಿದರಂತೆ. ನನ್ನ ಕಷ್ಟ ಯಾರಿಗೆ ಹೇಳಲಿ. ಪಕ್ಕದಲ್ಲಿ ಐದು ಜನ ಹೆಂಗಸರು, ಹೇಳುವುದಕ್ಕೆ ಇಷ್ಟು ವಿಷಯ, ಒಂದು ಮಾತಿಗೂ ಅಪ್ಪಣೆಯಿಲ್ಲ. ಮಾತುಗಳು ಒಳಗೆ ತುಂಬಿ ನನಗೆ ಏಳು ತಿಂಗಳ ಹೊಟ್ಟೆ ಬಂದಂತಾಗಿತ್ತು.

ದೊರೆ ಮಾತ್ರ ಟೊಪ್ಪಿ ಹಾಕಿಕೊಂಡು, ಹೊಗೆ ಬಿಡುತ್ತ, ಎಲ್ಲರ ಮುಖ ನೋಡುತ್ತ ಹಿಂದೆ ಮುಂದೆ ಓಡಾಡಿದ. ಬೇಕೆಂದೇ ಒಬ್ಬನ ಕಾಲು ತುಳಿದ. ಇನ್ನೊಬ್ಬನ ಕಿವಿಯ ಹತ್ತಿರ ಚಪ್ಪಾಳೆ ಹೊಡೆದ. ಯಾರೂ ತುಟಿ ಬಿಚ್ಚಲಿಲ್ಲ.

ಬೆಟ್ಟದ ಆಚೆ ಬದಿಯಲ್ಲಿ ಒಂದು ಕಾಡು ನೇರಳೆಯ ಮರ ಇತ್ತು. ಎಲೆ ನೋಡಿದರೆ ಲವಂಗದ ಅಣ್ಣನ ಹಾಗೆ ಇರುತ್ತದೆ, ಅಷ್ಟೇ ಹೊಳಪು. ದೊರೆ ಕಾಗದದ ಚಿತ್ರ ತೆಗೆದ. ಮರ ನೋಡಿದ, ಚಿತ್ರ ನೋಡಿದ, ಕೊಡಲಿಯವರಿಗೆ ಕೈ ಮಾಡಿದ.

ನಮ್ಮ ಯಜಮಾನರು ಮುಂದೆ ಹಾರಿ ಮರಕ್ಕೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತರು.

ನನಗೆ ಕಾರಣ ಗೊತ್ತಿತ್ತು. ಆ ಮರದ ಮೇಲೆ ಎಲೆಯ ಮರೆಯಲ್ಲಿ ಕಣಜದ ಗೂಡಿತ್ತು. ಚಿಕ್ಕದಲ್ಲ, ಹಂಡೆಯಷ್ಟು. ಹಿಂದಿನ ವರ್ಷ ಅದರಿಂದ ಎರಡು ಕಚ್ಚಿಸಿಕೊಂಡು ಬಂದು ಯಜಮಾನರು ಮೂರು ದಿನ ಮಲಗಿದ್ದರು, ಆ ಮೂರು ದಿನವೂ ನನಗೆ ಅವರ ಹಾಡಿನಿಂದ ಬಿಡುವು ಸಿಕ್ಕಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾತಾಡಬಾರದು ಎಂದು ದೊರೆಯದೇ ಅಪ್ಪಣೆ.

ಯಜಮಾನರು ತಲೆ ಆಡಿಸಿದರು. ಮೇಲೆ ತೋರಿಸಿದರು. ಬೆರಳುಗಳನ್ನು ಹಾರಾಡಿಸಿ, ಕೆನ್ನೆ ಉಬ್ಬಿಸಿ, ತಮ್ಮ ಕುತ್ತಿಗೆಗೆ ತಾವೇ ಬೆರಳಿನಿಂದ ಚುಚ್ಚಿಕೊಂಡು ತೋರಿಸಿದರು. ಪಾಪ, ಅಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದನ್ನು ನಾನು ಮತ್ತೆ ಕಂಡಿಲ್ಲ. ದೊರೆಯ ಮುಖ ಮಾತ್ರ ಅರಳಿತು. ಈ ಮನುಷ್ಯ ಇಷ್ಟು ಗೋಗರೆಯುತ್ತಾನೆ ಎಂದ ಮೇಲೆ ಇದೇ ಆ ಮರ ಎಂದುಕೊಂಡ. ಅವರನ್ನು ಪಕ್ಕಕ್ಕೆ ತಳ್ಳಿ, ಚೆನ್ನಾಗಿ ಕಾಣಲಿ ಎಂದು ತಾನೇ ಮರದ ಬುಡಕ್ಕೆ ಹೋಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ.

ಕೊಡಲಿಯವನು ಹಾದಿರನ ಮುಖ ನೋಡಿದ. ಹಾದಿರ್ ಮೇಲೆ ನೋಡಿದ, ಹಂಡೆ ಕಂಡಿತು. ಅವನು ತನ್ನ ರುಮಾಲನ್ನು ಮಡಿಸಿ ಬಾಯಿಗೆ ತುರುಕಿಕೊಂಡು, ಕೊಡಲಿಯವನಿಗೆ ಹೊಡಿ ಎಂದು ಕಣ್ಣಲ್ಲೇ ಹೇಳಿದ. ಅದನ್ನು ನೋಡಿ ನಲವತ್ತು ಜನರೂ ರುಮಾಲು ಬಾಯಿಗೆ ತುಂಬಿಕೊಂಡರು. ನಾವು ಹೆಂಗಸರು ಸೆರಗು ಕಚ್ಚಿಕೊಂಡೆವು.

ಮೂರನೆಯ ಏಟಿಗೆ ಗೂಡು ಬಿತ್ತು. ನೇರವಾಗಿ ದೊರೆಯ ಕಾಲ ಬಳಿಗೆ.

ಆಮೇಲೆ ನಡೆದದ್ದನ್ನು ನಾನು ಹೆಚ್ಚು ಮಾಡಿ ಹೇಳುವ ಅಗತ್ಯವೇ ಇಲ್ಲ. ಲಕ್ಷ ಕಣಜ ಇದ್ದವು, ಒಂದೊಂದೂ ಗುಬ್ಬಚ್ಚಿಯಷ್ಟು. ನಮ್ಮೆಲ್ಲರನ್ನೂ ಕಚ್ಚಿದವು. ನನ್ನ ತುಟಿಗೆ ಒಂದು, ಕಿವಿಗೆ ಎರಡು. ಯಜಮಾನರ ಮೂಗಿನ ಮೇಲೆ ನಾಲ್ಕು. ಹಾದಿರನ ಒಂದು ಕಣ್ಣು ಮುಚ್ಚಿಯೇ ಹೋಯಿತು. ಗಂಡಸರು ನೆಲದ ಮೇಲೆ ಹೊರಳಾಡಿದರು, ಮರಕ್ಕೆ ತಲೆ ಚಚ್ಚಿಕೊಂಡರು, ಕಣ್ಣೀರು ಹಳ್ಳವಾಗಿ ಹರಿಯಿತು. ಆದರೆ ಒಬ್ಬನೇ ಒಬ್ಬ ಅಯ್ಯೋ ಎನ್ನಲಿಲ್ಲ. ತಿದೋರೆಯವರು. ನಮ್ಮವರಲ್ಲ, ನಮ್ಮ ವೈರಿಗಳು. ಕಂಡು ಕೇಳಿರದ ಒಂದು ಹುಡುಗಿಯ ಮರಕ್ಕಾಗಿ. ಅವತ್ತಿನಿಂದ ತಿದೋರೆಯವರನ್ನು ಬೈಯುವಾಗ ನಾನು ಸ್ವಲ್ಪ ತಡೆದು ಬೈಯುತ್ತೇನೆ.

ಕೂಗಿದವನು ದೊರೆ ಒಬ್ಬನೇ. ಆ ಕೂಗು ಅವನ ದೇಶದ ತನಕ ಕೇಳಿಸಿರಬೇಕು. ಕಣಜಗಳು ಟೊಪ್ಪಿಯೊಳಗೆ ಹೊಕ್ಕಿದ್ದವು, ಹೊರಗೆ ಬರುವುದಕ್ಕೆ ದಾರಿ ಕಾಣದೆ ಒಳಗೇ ಕಚ್ಚಿದವು. ದುಭಾಷಿ ಓಡಿ ಹೋಗಿ ಟೊಪ್ಪಿ ಕಿತ್ತು ಎಸೆದ. ಆ ಹೊತ್ತಿಗೆ ತಲೆ ಹಲಸಿನ ಹಣ್ಣಾಗಿತ್ತು, ತುಟಿಗಳು ಎರಡು ಬಾಳೆಹಣ್ಣು. ಆಮೇಲೆ ಟೊಪ್ಪಿ ಎತ್ತಿ ಇಡುವುದಕ್ಕೆ ನೋಡಿದರೆ ನೆತ್ತಿಯ ಮೇಲೆ ಕೂರಲೇ ಇಲ್ಲ. ಅಷ್ಟು ದೊಡ್ಡ ಟೊಪ್ಪಿ, ಹಲಸಿನ ಹಣ್ಣಿನ ಮೇಲೆ ತೆಂಗಿನ ಚಿಪ್ಪು ಇಟ್ಟ ಹಾಗಿತ್ತು. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡ. ಮಾತಾಡಲು ನೋಡಿದ, ತುಟಿ ಏಳಲಿಲ್ಲ.

ಅಲ್ಲಿಗೆ ಹುಡುಕಾಟ ಮುಗಿಯಿತು. ವಾಪಸ್ ಬರುವುದಕ್ಕೆ ಏಣಿನ ದಾರಿ ಒಂದೇ. ಸಂಜೆಯ ಬಿಸಿಲಲ್ಲಿ ಮತ್ತೆ ಅದೇ ತಿರುವಿಗೆ ಬಂದೆವು. ನಲವತ್ತು ಜನರ ಹೆಜ್ಜೆ ತಾನಾಗಿ ಮೆತ್ತಗಾಯಿತು. ದೊರೆ ದುಭಾಷಿಯ ಭುಜ ಹಿಡಿದು ಬರುತ್ತಿದ್ದವನು ಸರಿಯಾಗಿ ಅಲ್ಲೇ, ಬೇರೆಲ್ಲೂ ಅಲ್ಲ, ಸುಧಾರಿಸಿಕೊಳ್ಳುವುದಕ್ಕೆ ನಿಂತ.

ಕೆಳಗಿನಿಂದ ಗಾಳಿ ಬೀಸಿತು.

ನಾನು ಅದನ್ನು ಈ ಎರಡು ಕಣ್ಣಿನಿಂದ ನೋಡಿದ್ದೇನೆ. ಸಮುದ್ರ ಸಮುದ್ರಗಳನ್ನೇ ಬೇಲಿ ಹಾಕಿ ಆಳುವ ಕುಂಪಣಿ, ಸುಲ್ತಾನರ ಕೈ ಹಿಡಿದು ಮುದ್ರೆ ಒತ್ತಿಸಿದ ಕುಂಪಣಿ, ಬರಿತಲೆಯಲ್ಲಿ, ಟೊಪ್ಪಿ ಕೈಯಲ್ಲಿ ಹಿಡಿದು, ಒಂದು ಮಾತೂ ಆಡದೆ ನನ್ನ ಮಗಳ ಬಸುರಿ ಮರದ ಮುಂದೆ ನಿಂತಿತ್ತು. ಹೇಗೆ ನಿಲ್ಲಬೇಕೋ ಹಾಗೇ. ಒಂದು ಹೂವೂ ಉದುರಲಿಲ್ಲ. ಅವನ ಮೂಗಿಗೆ ವಾಸನೆ ಹೋಯಿತೋ ಇಲ್ಲವೋ, ಅದು ಆಗ ಮೂಗಾಗಿಯೇ ಇರಲಿಲ್ಲ. ಲೋಕವನ್ನೆಲ್ಲ ಸುತ್ತಿ ಹುಡುಕಿಕೊಂಡು ಬಂದ ವಸ್ತು ಮುಖಕ್ಕೆ ಬೀಸುತ್ತಿದ್ದರೂ ಗುರುತಿಸಲಿಲ್ಲ. ನಾನು ಯಜಮಾನರ ಮುಖ ನೋಡಿದೆ. ಬದನೆಕಾಯಿಯಂತಾಗಿದ್ದ ಮೂಗಿನ ಹಿಂದೆ ಅವರು ನಗುತ್ತಿದ್ದರು.

ದೊರೆ ಉಸಿರು ಬಿಟ್ಟ, ಮುಂದೆ ನಡೆದ.

ಕಡಲು ಮುಟ್ಟಿದೆವು. ನಲವತ್ತು ಜನರೂ ಮೊಣಕಾಲು ನೀರಿಗೆ ಇಳಿದು ಬಾಯಿಂದ ರುಮಾಲು ತೆಗೆದರು.

"ಈಗ ಹಾಡಯ್ಯ, ಫಲಾಹೆಯ ಗುಡುಗೇ," ಎಂದ ಹಾದಿರ್, ಒಂದೇ ಕಣ್ಣಲ್ಲಿ ನೋಡುತ್ತ. "ಇವತ್ತೊಂದಿನ ಕೇಳ್ತೀವಿ."

ಯಜಮಾನರು ಹಾಡಲಿಲ್ಲ. ಮುದುಕನ ಎರಡೂ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು, ಮನೆಯ ಕಡೆ ಓಡಿದರು.

ನಾನು ಬುಟ್ಟಿ ಎತ್ತಿಕೊಳ್ಳುವಾಗ ದುಭಾಷಿ ಹತ್ತಿರ ಬಂದ.

"ಅಕ್ಕ, ನಮ್ಮಮ್ಮನೂ ಬುಟ್ಟಿ ಹಾಗೇ ಇಳಿಸ್ತಿದ್ಲು," ಎಂದ. "ದೊರೆ ಕಾಗದ ಬರೆಸ್ತಾರೆ. ಫಲಾಹೆ ಬೆಟ್ಟದಲ್ಲಿ ಲವಂಗ ಇಲ್ಲ, ಕಣಜ ಇದೆ ಅಂತ. ಇನ್ನು ಯಾರೂ ಹತ್ತಲ್ಲ ಬಿಡಿ." ರೊಟ್ಟಿ ಕೊಟ್ಟೆ. ತುಟಿ ಊದಿದ್ದರಿಂದ ತಿನ್ನಲಾಗದೆ ಜೇಬಿಗೆ ಹಾಕಿಕೊಂಡ.

ಮನೆಯ ಬಾಗಿಲಿಗೆ ಬಂದಾಗ ಯಜಮಾನರು ಹೊಸ್ತಿಲಲ್ಲೇ ನಿಂತಿದ್ದರು. ಒಳಗೆ ಹೋಗುವುದಕ್ಕೆ ಧೈರ್ಯವಿರಲಿಲ್ಲ. ಅಷ್ಟು ಹೊತ್ತು ಒಳಗೆ ಇಟ್ಟುಕೊಂಡ ದನಿಯಲ್ಲಿ ಅವರು ಕೂಗಿದರೆ ಸೂರು ಹಾರಿಹೋಗುತ್ತದೆ ಎಂದು ನಾನು ಕಂಬ ಹಿಡಿದುಕೊಂಡೆ. ಆದರೆ ಅವರು ಕರೆದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ.

"ಜೈನಾ."

ಅತ್ತೆ ಹೇಳಿದ ಹಾಗೆ ಕೂತೇ ಇದ್ದರು. ಕೈ ಎದೆಯ ಮೇಲೆಯೇ ಇತ್ತು, ಜೋಮು ಹಿಡಿದು ನೀಲಿಯಾಗಿತ್ತು. ಅದರ ಕೆಳಗಿನಿಂದ ಹುಡುಗಿ ತಲೆ ಎತ್ತಿ ನೋಡಿತು.

"ಅಪ್ಪ, ನಿನ್ನ ಮೂಗು ಎಲ್ಲಿ ಹೋಯ್ತು?"

ಆಗ ಅತ್ತೆ ಕೈ ತೆಗೆದರು. ಯಜಮಾನರು ಅಳುತ್ತ ಹಾಡುವುದಕ್ಕೆ ಶುರು ಮಾಡಿದರು. ಊರಿನ ನಾಯಿಗಳೆಲ್ಲ ಕೂಗಿದವು, ಯಾರೂ ಬೈಯಲಿಲ್ಲ.

ಅತ್ತೆ ಆ ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಹೇಳಿದರು. ಇವತ್ತು ಒಂದು ಕಡೆ ನಿಂತು ತಲೆಬಟ್ಟೆ ತೆಗೆದಿದ್ದಕ್ಕೆ ಮರ ಸಿಕ್ಕಿಬೀಳುತ್ತಿತ್ತು. ಇನ್ನು ಮೇಲೆ ಇಡೀ ಬೆಟ್ಟಕ್ಕೆ ತೆಗೆಯಿರಿ, ಯಾವ ಮರಕ್ಕೆ ಎಂದು ಯಾರಿಗೂ ತಿಳಿಯಬಾರದು. ಹೀಗೆ ತಿದೋರೆಯ ಮುದುಕ ಹೇಳಿದ ಸುಳ್ಳು ನಮ್ಮೂರಿನ ಸತ್ಯವಾಯಿತು. ಊರಿಗೆಲ್ಲ ಕಾರಣ ಹೇಳಲಿಲ್ಲ, ಹಿರಿಯರ ಬೆಟ್ಟ ಎಂದೆವು. ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಹಾದಿರ್ 'ಸಾಯೋ ಮುಂಚೆ ಒಮ್ಮೆ ಬಂದೆ' ಎಂದು ಮೂರು ವರ್ಷದ ಮೇಲೆ ತಾನೇ ದೋಣಿ ಹಾಕಿಕೊಂಡು ಬಂದ. ಹೋಗುವಾಗ ಅವನ ಎಲೆಅಡಿಕೆಯ ಚೀಲದಲ್ಲಿ ಅಡಿಕೆಗಿಂತ ಬೇರೆ ಏನೋ ಇತ್ತು. ಅದನ್ನು ಇಟ್ಟವಳು ನಾನು. ತಿದೋರೆಯ ಯಾವುದೋ ಬೆಟ್ಟದಲ್ಲೂ ಈಗ ಗಂಡಸರು ರುಮಾಲು ಸುತ್ತುವುದಿಲ್ಲ ಎಂದು ಕೇಳಿದ್ದೇನೆ.

ಇಷ್ಟು ಕೇಳಿ ಮುಗಿಸಿದ ಮೊಮ್ಮಗನ ಹೆಂಡತಿ ಮೀನಿನ ಕತ್ತಿ ಕೆಳಗಿಟ್ಟು ಹತ್ತಿರ ಸರಿದಳು.

"ಅಜ್ಜಿ, ಆ ಕಣಿವೆ ಯಾವ ಕಡೆ?"

"ಕುಂಪಣಿ ಕೇಳಿದಾಗ್ಲೇ ಹೇಳಿಲ್ಲ, ನಿಂಗೆ ಹೇಳ್ತೀನಾ?" ಅಂದೆ.

ಅವಳ ಮುಖ ಸಣ್ಣದಾಯಿತು. ನಾನು ಅವಳ ಹೊಟ್ಟೆಯ ಕಡೆ ನೋಡಿದೆ. ಅವಳು ಸೆರಗು ಎಳೆದುಕೊಂಡಳು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಳು, ಹುಚ್ಚಿ.

"ಹೆರಿಗೆ ಆಗ್ಲಿ," ಅಂದೆ. "ಮೂರನೇ ದಿನ ನಿನ್ನ ಅತ್ತೆ ಗೆಣಸಿನ ಬುಟ್ಟಿ ಎತ್ಕೊಂಡು ಬೆಟ್ಟಕ್ಕೆ ಹೋಗ್ತಾಳೆ. ಆವಾಗ ದಾರಿ ಕೇಳು."